ಸಲಾಲಾದ ಖರೀಫ್: ಮರಳು ನಾಡಿನಲ್ಲಿ ಮೂರು ತಿಂಗಳ ಮುಂಗಾರು

ಜುಲೈಯಲ್ಲಿ ದುಬೈ, ದೋಹಾ ಕಾದ ಕಾವಲಿಯಂತಾಗಿರುವಾಗ ಒಮಾನ್‌ನ ದಕ್ಷಿಣದ ಸಲಾಲಾದಲ್ಲಿ ಉಷ್ಣಾಂಶ 25 ಡಿಗ್ರಿ ಆಸುಪಾಸು. ಗುಡ್ಡದ ತುಂಬಾ ಹಸಿರು, ರಸ್ತೆಯ ಮೇಲೆ ಮಂಜು, ಬದಿಯಲ್ಲಿ ಎಳನೀರು, ಬಾಳೆಹಣ್ಣು, ಪಪ್ಪಾಯಿ ಅಂಗಡಿಗಳು. ಶಾಲೆ ರಜೆಯ ಹೊತ್ತಿಗೆ ಏರುವ ವಿಮಾನ ದರ ನೋಡಿ ಊರಿನ ಮಳೆಗಾಲದ ಆಸೆ ಬಿಟ್ಟ ಕುಟುಂಬಗಳು ಇತ್ತ ಮುಖ ಮಾಡುವುದು ಇದಕ್ಕೇ. ಅಧಿಕೃತವಾಗಿ ಜೂನ್ 21ರಿಂದ ಸೆಪ್ಟೆಂಬರ್ ಮೂರನೇ ವಾರದವರೆಗಿನ ಈ ಕಾಲಕ್ಕೆ ಖರೀಫ್ ಎನ್ನುತ್ತಾರೆ.

ಇದು ಬೇರೆ ಯಾವುದೋ ಮಳೆಯಲ್ಲ, ನಮ್ಮ ಕರಾವಳಿಗೆ ಬರುವ ಅದೇ ನೈಋತ್ಯ ಮುಂಗಾರು. ಆದರೆ ಆಗುಂಬೆಯಂತೆ ಧೋ ಎಂದು ಸುರಿಯುವುದಿಲ್ಲ. ಮುಂಗಾರು ಗಾಳಿ ಧೋಫಾರ್ ಕರಾವಳಿಯುದ್ದಕ್ಕೂ ಬೀಸುವಾಗ ಮೇಲಿನ ಬಿಸಿ ನೀರನ್ನು ಹೊರಗೆ ತಳ್ಳುತ್ತದೆ, ಸಮುದ್ರದಾಳದ ತಣ್ಣೀರು ಮೇಲೆ ಬರುತ್ತದೆ. ಅದರ ಮೇಲೆ ಹಾದ ತೇವದ ಗಾಳಿ ತಂಪಾಗಿ ಮಂಜಾಗುತ್ತದೆ. ಆ ಮಂಜನ್ನು ಹಿಂದಿನ ಬೆಟ್ಟಸಾಲು ತಡೆಯುತ್ತದೆ. ಮೇಲುಗಡೆ ಮರುಭೂಮಿಯ ಒಣ ಬಿಸಿಗಾಳಿ ಮುಚ್ಚಳದಂತೆ ಕೂತಿರುವುದರಿಂದ ಮೋಡ ಎತ್ತರಕ್ಕೆ ಏರಲಾರದು. ಹಾಗಾಗಿ ಬರೀ ಜಿಟಿಜಿಟಿ. ಮರಗಳೇ ಎಲೆಗಳಲ್ಲಿ ಮಂಜು ಹಿಡಿದು ಬುಡಕ್ಕೆ ತೊಟ್ಟಿಕ್ಕಿಸಿಕೊಳ್ಳುತ್ತವೆ. ಇಲ್ಲಿನ ಕಾಡಿನ ಮುಖ್ಯ ಮರವೊಂದು ನಮ್ಮ ದಿಂಡಿಗದ ಬಳಗದ್ದೇ. ಬೆಟ್ಟ ದಾಟಿ ಥುಮ್ರೈತ್ ಕಡೆ ಹೋದರೆ ಮತ್ತೆ ಅದೇ ಮರಳು. ಮಳೆ ತಲುಪದ ಆ ಹಿಂಬದಿಯಲ್ಲೇ ಸಾಂಬ್ರಾಣಿ ಮರ ಚೆನ್ನಾಗಿ ಬೆಳೆಯುತ್ತದೆ. ವಾದಿ ದೌಕಾದ ಸಾಂಬ್ರಾಣಿ ತೋಪು 2000ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ.

ನೋಡಲೇಬೇಕಾದ್ದು ವಾದಿ ದರ್ಬಾತ್. ಐನ್ ಅಥುಮ್ ಜಲಪಾತ ಮಳೆ ಚೆನ್ನಾಗಿದ್ದರೆ ಮಾತ್ರ. ಹುಲ್ಲುಗಾವಲಲ್ಲಿ ಒಂಟೆಯ ಪಕ್ಕ ದನಗಳೂ ಮೇಯುತ್ತಿರುತ್ತವೆ, ರಸ್ತೆಗೂ ಬರುತ್ತವೆ. ಜಬಲ್ ಸಮ್ಹಾನ್ ರಕ್ಷಿತಾರಣ್ಯದಲ್ಲಿ ಅರೇಬಿಯನ್ ಚಿರತೆ ಇದೆ, ಆದರೆ ಪ್ರವಾಸಿಗರ ಕಣ್ಣಿಗೆ ಬೀಳುವ ಪ್ರಾಣಿ ಅಲ್ಲ ಅದು. ಹಕ್ಕಿ ನೋಡುವವರಿಗೆ ಚಳಿಗಾಲವೇ ಒಳ್ಳೆಯದು, ಹಿನ್ನೀರುಗಳಲ್ಲಿ ಆಗ ರಾಜಹಂಸಗಳು ಇರುತ್ತವೆ. ಖರೀಫ್‌ನಲ್ಲಿ ಕಡಲು ರೊಚ್ಚಿಗೇಳುವುದರಿಂದ ನಮ್ಮೂರಿನಂತೆಯೇ ಸಣ್ಣ ದೋಣಿಗಳು ದಡ ಸೇರುತ್ತವೆ. ಚಳಿಗಾಲದಲ್ಲಿ ರಾಶಿ ರಾಶಿ ಬೂತಾಯಿ ಹಿಡಿದು ಒಣಗಿಸಿ ಒಂಟೆ, ದನಗಳಿಗೆ ಹಾಕುತ್ತಾರೆ. ಮಂಗಳೂರಿನವರಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಮುಗ್ಸೈಲ್ ಕಡಲತೀರದ ಬಗ್ಗೆ ಮಾತ್ರ ಎಚ್ಚರ. ಬಂಡೆಯ ತೂತುಗಳಿಂದ ನೀರು ಕಾರಂಜಿಯಂತೆ ಚಿಮ್ಮುವ ಜಾಗ ಅದು, ಸೆಲ್ಫಿಗೆ ಜನ ಮುಗಿಬೀಳುತ್ತಾರೆ. 2022ರ ಜುಲೈಯಲ್ಲಿ ದುಬೈಯಿಂದ ಬಂದಿದ್ದ ಭಾರತೀಯರನ್ನು, ಮಕ್ಕಳನ್ನೂ ಸೇರಿಸಿ, ಅಲೆ ಇಲ್ಲೇ ಎಳೆದೊಯ್ದಿತ್ತು. ಬೇಲಿಯ ಆಚೆಗಿನ ಬಂಡೆ ಪಾಚಿಯಿಂದ ಜಾರುತ್ತದೆ, ಮತ್ತು ಹತ್ತು ಸಣ್ಣ ಅಲೆಗಳ ನಂತರ ಬರುವ ಹನ್ನೊಂದನೆಯದು ಎಷ್ಟು ದೊಡ್ಡದು ಎಂದು ಯಾರಿಗೂ ಗೊತ್ತಿರುವುದಿಲ್ಲ. ಈ ಕಾಲದಲ್ಲಿ ಈಜುವ ಯೋಚನೆಯೇ ಬೇಡ. ವಾದಿಯಲ್ಲಿ ನೀರು ಹರಿಯುತ್ತಿದ್ದರೆ ಗಾಡಿ ಇಳಿಸಬೇಡಿ.

ಮಸ್ಕತ್‌ನಿಂದ ರಸ್ತೆ ಸುಮಾರು 1,000 ಕಿಲೋಮೀಟರ್, ದುಬೈಯಿಂದ 1,200ರ ಆಸುಪಾಸು. ಮಸ್ಕತ್‌ನಿಂದ ಬಸ್ಸೂ ಇದೆ. ಶಿಫ್ಟ್ ಮುಗಿಸಿ ನಿದ್ದೆಗಣ್ಣಲ್ಲೇ ರಾತ್ರಿ ಹೊರಡುವುದು ಹಲವರ ಅಭ್ಯಾಸ, ಅದೇ ಅಪಾಯ. ಹೈಮಾ ದಾರಿ ನೇರ, ಬೋಳು, ನಿದ್ದೆ ಬರಿಸುವಂಥದ್ದು. ಕತ್ತಲಲ್ಲಿ ಒಂಟೆ ಅಡ್ಡ ಬಂದರೆ ಬ್ರೇಕ್ ಹಾಕುವಷ್ಟು ಸಮಯವಿರುವುದಿಲ್ಲ. ಥುಮ್ರೈತ್‌ನಿಂದ ಸಲಾಲಾಗೆ ಇಳಿಯುವ ಘಾಟಿಯಲ್ಲಿ ಮಂಜು ದಟ್ಟ. ಆ ಭಾಗವನ್ನು ಹಗಲಲ್ಲೇ ದಾಟಿ, ಪೆಟ್ರೋಲ್ ಬಂಕ್ ಕಂಡಾಗಲೇ ಟ್ಯಾಂಕ್ ತುಂಬಿಸಿ. ಯುಎಇ ಗಾಡಿಗೆ ಒಮಾನ್ ವಿಮೆಯ ಆರೆಂಜ್ ಕಾರ್ಡ್ ಬೇಕು. ವೀಸಾ ನಿಯಮ ಆಗಾಗ ಬದಲಾಗುವುದರಿಂದ ಹೊರಡುವ ಮುಂಚೆ ನೋಡಿಕೊಳ್ಳಿ.

ಆಗಸ್ಟ್‌ನಲ್ಲಿ ಹಸಿರು ಜೋರು, ರೂಮ್ ಬಾಡಿಗೆಯೂ ಜೋರು. ಮಕ್ಕಳ ಶಾಲೆಯ ತೊಂದರೆ ಇಲ್ಲದವರು ಸೆಪ್ಟೆಂಬರ್ ಮಧ್ಯಕ್ಕೆ ಹೋದರೆ ಹುಲ್ಲು ಇನ್ನೂ ಒಣಗಿರುವುದಿಲ್ಲ, ಮಂಜು ಸರಿದು ಕಣಿವೆಯೂ ಕಾಣುತ್ತದೆ.