ಚುಚ್ಚಿದ ಸೂಜಿ ಎಲ್ಲಿಗೆ ಹೋಯಿತು?

ಜ್ವರವೋ ಕೆಮ್ಮೋ ಬಂದಾಗ ವೈದ್ಯರ ಬಳಿ ಹೋಗಿ ಒಂದು ಇಂಜೆಕ್ಷನ್ ಚುಚ್ಚಿಸಿಕೊಂಡು ಬರುವುದು ನಮ್ಮಲ್ಲಿ ತೀರಾ ಸಾಮಾನ್ಯ. ಸೂಜಿ ಹೊಸದೇ, ಪೊಟ್ಟಣವನ್ನು ನಮ್ಮ ಕಣ್ಣೆದುರೇ ಒಡೆದರೇ ಎಂದು ಗಮನಿಸುವಷ್ಟು ತಿಳಿವಳಿಕೆ ಈಗ ಬಹಳ ಜನರಿಗೆ ಬಂದಿದೆ. ಇದು ಸಂತೋಷದ ಸಂಗತಿ. ಆದರೆ ಚುಚ್ಚಿದ ಮೇಲೆ ಆ ಸೂಜಿ ಎಲ್ಲಿಗೆ ಹೋಯಿತು ಎಂದು ಕೇಳುವವರು ಕಡಿಮೆ. ಹೊಸ ಸೂಜಿಯಷ್ಟೇ ಮುಖ್ಯವಾದದ್ದು ಹಳೆಯ ಸೂಜಿಯ ಗತಿ.

2009ರ ಆರಂಭದಲ್ಲಿ ಗುಜರಾತಿನ ಮೊಡಾಸಾ ಪಟ್ಟಣ ಮತ್ತು ಅದರ ಸುತ್ತಮುತ್ತ ಹೆಪಟೈಟಿಸ್-ಬಿ ಎಂಬ ಕಾಮಾಲೆ ಹಬ್ಬಿ ಹತ್ತಾರು ಜನ ಸತ್ತರು. ಒಬ್ಬರಿಗೆ ಬಳಸಿದ ಸಿರಿಂಜು, ಸೂಜಿಗಳನ್ನು ಶುದ್ಧಿ ಮಾಡದೆ ಇನ್ನೊಬ್ಬರಿಗೆ ಬಳಸಿದ್ದೇ ಇದಕ್ಕೆ ಕಾರಣವೆಂದು ತನಿಖೆಯಲ್ಲಿ ಕಂಡುಬಂತು. ಅಧಿಕಾರಿಗಳು ಗುಜರಿ ಗೋದಾಮುಗಳನ್ನು ಶೋಧಿಸಿದಾಗ ಆಸ್ಪತ್ರೆಗಳಿಂದ ಹೊರಬಿದ್ದ ಕಸ ರಾಶಿ ರಾಶಿಯಾಗಿ ಸಿಕ್ಕಿತು. ಚಿಕಿತ್ಸೆ ಕೊಡಬೇಕಾದ ಜಾಗವೇ ರೋಗ ಹಂಚಿದ ಪ್ರಸಂಗವಿದು.

ಹೆಪಟೈಟಿಸ್-ಬಿ ವೈರಸ್ ಬಹಳ ಗಟ್ಟಿ ಜೀವ. ಒಣಗಿದ ರಕ್ತದ ಕಲೆಯಲ್ಲಿಯೂ ಕನಿಷ್ಠ 7 ದಿನ ಸೋಂಕು ತಗಲಿಸುವ ಶಕ್ತಿ ಉಳಿಸಿಕೊಂಡಿರುತ್ತದೆ. ಈ ರೋಗವಿರುವವರ ರಕ್ತ ಮೆತ್ತಿದ ಸೂಜಿ, ಲಸಿಕೆ ಹಾಕಿಸಿಕೊಳ್ಳದ ಒಬ್ಬರಿಗೆ ಚುಚ್ಚಿದರೆ ಸೋಂಕು ತಗಲುವ ಸಂಭವ ಶೇ. 6ರಿಂದ 30. ಹೆಪಟೈಟಿಸ್-ಸಿ ಸೋಂಕಿಗೆ ಇದು ಶೇ. 2ರ ಆಸುಪಾಸು. ಎಲ್ಲರೂ ಹೆದರುವ ಎಚ್‌ಐವಿಗೆ ಶೇ. 0.3 ಮಾತ್ರ. ಜನರ ಹೆದರಿಕೆಗೂ ನಿಜವಾದ ಅಪಾಯಕ್ಕೂ ಇರುವ ದೂರವನ್ನು ಈ ಅಂಕಿಗಳಲ್ಲೇ ನೋಡಬಹುದು.

ಈ ಅಪಾಯ ಮೊದಲು ಬರುವುದು ಯಾರಿಗೆ? ವೈದ್ಯರಿಗಿಂತ ಹೆಚ್ಚಾಗಿ ದಾದಿಗೆ, ಆಯಾಗೆ, ನೆಲ ಒರೆಸುವವರಿಗೆ. ಆಮೇಲೆ ಬೀದಿಯ ಕಸ ಎತ್ತುವ ಪೌರಕಾರ್ಮಿಕರಿಗೆ, ಚೀಲ ಹೊತ್ತು ಪ್ಲಾಸ್ಟಿಕ್ ಆಯುವವರಿಗೆ. ಇವರಲ್ಲಿ ಎಷ್ಟು ಮಂದಿಯ ಕೈಯಲ್ಲಿ ಗ್ಲೌಸ್ ಇರುತ್ತದೆ ಎಂಬುದನ್ನು ಬೆಳಗಿನ ಹೊತ್ತು ಬಾಗಿಲಲ್ಲಿ ನಿಂತು ನೀವೇ ನೋಡಬಹುದು.

ಬೆರೆಸಿದರೆ ಎಲ್ಲವೂ ವಿಷ

ಆಸ್ಪತ್ರೆಯಿಂದ ಬರುವ ಕಸವೆಲ್ಲ ಅಪಾಯಕಾರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅದರಲ್ಲಿ ಸುಮಾರು ಶೇ. 85ರಷ್ಟು ನಮ್ಮ ನಿಮ್ಮ ಮನೆಯ ಕಸದಂತಹುದೇ: ಕಾಗದ, ಊಟದ ಎಂಜಲು, ಹಣ್ಣಿನ ಸಿಪ್ಪೆ, ಔಷಧಿಯ ರಟ್ಟಿನ ಪೆಟ್ಟಿಗೆ. ಉಳಿದ ಶೇ. 15 ಮಾತ್ರ ಸೋಂಕಿನದು, ರಾಸಾಯನಿಕದ್ದು ಅಥವಾ ಬೇರೆ ಬಗೆಯಲ್ಲಿ ಕೇಡು ಮಾಡುವಂಥದ್ದು. ಆದರೆ ರಕ್ತದಲ್ಲಿ ನೆಂದ ಒಂದು ಹತ್ತಿಯನ್ನು ಆ ಕಾಗದದ ಬುಟ್ಟಿಗೆ ಎಸೆದರೆ ಇಡೀ ಬುಟ್ಟಿಯೇ ಸೋಂಕಿನ ಕಸವಾಯಿತು. ಹಾಲಿಗೆ ಹುಳಿ ಹಿಂಡಿದ ಹಾಗೆ. 15 ಕಿಲೋ ಕಸವನ್ನು ಸಂಸ್ಕರಿಸಿದರೆ ಸಾಕಾಗಿದ್ದ ಕಡೆ 100 ಕಿಲೋ ಸಂಸ್ಕರಿಸುವ ಖರ್ಚು ಬೀಳುತ್ತದೆ. ಬೇರ್ಪಡಿಸುವುದು ದುಬಾರಿ ಎನ್ನುವ ನರ್ಸಿಂಗ್ ಹೋಂ ಮಾಲೀಕರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಹಾಗಾದರೆ ಎಲ್ಲವನ್ನೂ ಸುಟ್ಟುಬಿಟ್ಟರೆ? ಒಂದು ಕಾಲಕ್ಕೆ ಇದೇ ಪರಿಹಾರವೆಂದು ತಿಳಿಯಲಾಗಿತ್ತು. ದೆಹಲಿಯ ಕಸದ ಬಗ್ಗೆ ಬಿ.ಎಲ್. ವಢೇರಾ ಅವರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ, 50 ಅಥವಾ ಅದಕ್ಕಿಂತ ಹೆಚ್ಚು ಹಾಸಿಗೆಗಳಿರುವ ಆಸ್ಪತ್ರೆಗಳು ದಹನ ಯಂತ್ರವನ್ನೋ ಅದಕ್ಕೆ ಸಮನಾದ ಇನ್ನೊಂದು ವ್ಯವಸ್ಥೆಯನ್ನೋ ಮಾಡಿಕೊಳ್ಳಬೇಕೆಂದು ಹೇಳಿತು. ಆದರೆ ಪಿವಿಸಿ ಪ್ಲಾಸ್ಟಿಕ್ಕನ್ನು ಅರೆಬರೆ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಕ್ಯಾನ್ಸರ್ ತರಬಲ್ಲದು. ಮೇವಿನ ಮೂಲಕ ಹಸುವಿನ ಹಾಲಿಗೂ ಸೇರುತ್ತದೆ. ರೋಗಾಣುವನ್ನು ಕೊಲ್ಲಲು ಹೋಗಿ ಗಾಳಿಗೆ ವಿಷ ಬಿಟ್ಟ ಹಾಗಾಯಿತು. 1998ರಲ್ಲಿ ಬಂದ ಕೇಂದ್ರದ ನಿಯಮ ಪ್ಲಾಸ್ಟಿಕ್ ಸುಡುವುದನ್ನು ತಡೆಯಿತು. ಅದರ ಬದಲಿಗೆ 2016ರ ಮಾರ್ಚ್ 28ರಂದು ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದವು. ಈಗ ದಹನ ಯಂತ್ರದ ಎರಡನೆಯ ಕೋಣೆಯಲ್ಲಿ ಸುಮಾರು 1050 ಡಿಗ್ರಿ ಸೆಲ್ಸಿಯಸ್ ಶಾಖವಿರಬೇಕು, ಹೊಗೆ ಅಲ್ಲಿ ಕನಿಷ್ಠ 2 ಸೆಕೆಂಡು ನಿಲ್ಲಬೇಕು. ಆಸ್ಪತ್ರೆಯ ಹಿತ್ತಲಲ್ಲಿ ಸೀಮೆಎಣ್ಣೆ ಸುರಿದು ಹಚ್ಚಿದ ಬೆಂಕಿಗೆ ಆ ಶಾಖ ಎಲ್ಲಿಂದ ಬರಬೇಕು?

ನಾಲ್ಕು ಬಣ್ಣದ ಗುಟ್ಟು

ದೊಡ್ಡ ಆಸ್ಪತ್ರೆಗಳ ವಾರ್ಡುಗಳಲ್ಲಿ ಬಣ್ಣ ಬಣ್ಣದ ಬುಟ್ಟಿಗಳನ್ನು ನೀವು ನೋಡಿರಬಹುದು. ಅವು ಅಲಂಕಾರಕ್ಕೆ ಇಟ್ಟವಲ್ಲ. ಯಾವ ಕಸ ಯಾವ ದಾರಿ ಹಿಡಿಯಬೇಕು ಎನ್ನುವುದನ್ನು ಬಣ್ಣ ಹೇಳುತ್ತದೆ.

ಹಳದಿ ಚೀಲಕ್ಕೆ ಹೋಗುವುದು ಮುಖ್ಯವಾಗಿ ಸುಡಬೇಕಾದದ್ದು: ಶಸ್ತ್ರಕ್ರಿಯೆಯಲ್ಲಿ ತೆಗೆದ ಅಂಗಾಂಶ, ಹೆರಿಗೆಯ ಮಾಸು, ರಕ್ತ ಕೀವು ಮೆತ್ತಿದ ಹತ್ತಿ ಮತ್ತು ಬ್ಯಾಂಡೇಜು, ಅವಧಿ ಮೀರಿದ ಔಷಧಿ. ಕೆಂಪು ಚೀಲಕ್ಕೆ ಪ್ಲಾಸ್ಟಿಕ್: ಗ್ಲೂಕೋಸ್ ಬಾಟಲಿ ಮತ್ತು ಕೊಳವೆ, ಮೂತ್ರದ ಚೀಲ, ಗ್ಲೌಸ್, ಸೂಜಿ ತೆಗೆದ ಸಿರಿಂಜು. ಇವನ್ನು ಸುಡುವುದಿಲ್ಲ. ಒತ್ತಡದ ಹಬೆಯಲ್ಲಿ ಬೇಯಿಸಿ, ಚೂರು ಚೂರು ಮಾಡಿ, ಪರವಾನಗಿ ಇರುವ ಕಾರ್ಖಾನೆಗೆ ಮರುಬಳಕೆಗೆ ಕೊಡುತ್ತಾರೆ. ಚೂರು ಮಾಡುವುದು ಏಕೆಂದರೆ ಮೊಡಾಸಾದಲ್ಲಿ ಆದದ್ದು ಮತ್ತೆ ಆಗಬಾರದು. ತುಂಡಾದ ಸಿರಿಂಜನ್ನು ಯಾರೂ ತೊಳೆದು ಮಾರಲಾರರು. ಸೂಜಿ, ಬ್ಲೇಡು, ಶಸ್ತ್ರಕ್ರಿಯೆಯ ಚಾಕುವಿಗೆ ಬೇಕಾದದ್ದು ಬಿಳಿಯ, ಒಳಗಿನದು ಕಾಣುವ, ಚುಚ್ಚಿದರೂ ತೂತಾಗದ ಗಟ್ಟಿ ಡಬ್ಬಿ. ಒಡೆದ ಗಾಜು, ಔಷಧಿಯ ಸೀಸೆ, ದೇಹದಿಂದ ತೆಗೆದ ಲೋಹದ ಸಲಾಕೆಗಳು ನೀಲಿ ಗುರುತಿನ ಪೆಟ್ಟಿಗೆಗೆ.

ಇದರಲ್ಲಿ ಕಷ್ಟವಾದ ವಿದ್ಯೆ ಏನೂ ಇಲ್ಲ. ಮಾಡಬೇಕಾದದ್ದು ಕಸ ಹುಟ್ಟುವ ಜಾಗದಲ್ಲೇ, ಹುಟ್ಟಿದ ಕ್ಷಣದಲ್ಲೇ. ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ಸಂಜೆ ಆಯಾಳನ್ನು ಕೂರಿಸಿ ಆರಿಸಲು ಹೇಳುವುದು ಬೇರ್ಪಡಿಸುವಿಕೆಯಲ್ಲ, ಅವಳಿಗೆ ಸೂಜಿ ಚುಚ್ಚಿಸುವ ಏರ್ಪಾಡು.

ಚಿಕ್ಕ ಕ್ಲಿನಿಕ್ಕಿಗೂ ವಿನಾಯಿತಿ ಇಲ್ಲ

‘ನಮ್ಮದು ಒಂದೇ ಕೋಣೆಯ ಕ್ಲಿನಿಕ್ಕು, ಹಾಸಿಗೆಯೇ ಇಲ್ಲ, ನಮಗೇಕೆ ಇದೆಲ್ಲ’ ಎನ್ನುವ ಮಾತು ವೈದ್ಯ ಮಿತ್ರರಿಂದ ಆಗಾಗ ಕೇಳಿಬರುತ್ತದೆ. ನಿಯಮದ ಕಣ್ಣಿನಲ್ಲಿ ದಂತ ವೈದ್ಯರು, ರಕ್ತ ಪರೀಕ್ಷಾ ಪ್ರಯೋಗಾಲಯ, ಆಯುರ್ವೇದ ಆಸ್ಪತ್ರೆ, ಪಶು ವೈದ್ಯಶಾಲೆ, ರಕ್ತದಾನ ಶಿಬಿರ, ಶಾಲೆಯ ಪ್ರಥಮ ಚಿಕಿತ್ಸೆಯ ಕೋಣೆ ಎಲ್ಲವೂ ಒಂದೇ. ಎಲ್ಲರೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆಯಬೇಕು. ಹಾಸಿಗೆ ಇಲ್ಲದವರಿಗೆ ಇದು ಒಮ್ಮೆ ಪಡೆದರೆ ಮುಗಿಯಿತು, ಪದೇ ಪದೇ ನವೀಕರಿಸುವ ತಾಪತ್ರಯವಿಲ್ಲ.

ಸ್ವಂತ ದಹನ ಯಂತ್ರವನ್ನೂ ಹಾಕಿಸಬೇಕಾಗಿಲ್ಲ. 75 ಕಿಲೋಮೀಟರಿನೊಳಗೆ ಸಾಮೂಹಿಕ ಸಂಸ್ಕರಣಾ ಘಟಕದ ಸೇವೆ ಸಿಗುವಂತಿದ್ದರೆ ಆಸ್ಪತ್ರೆಯವರು ತಮ್ಮದೇ ಘಟಕ ಹಾಕುವಂತೆಯೇ ಇಲ್ಲ. ಆ ಘಟಕದ ಜೊತೆ ಒಪ್ಪಂದ ಮಾಡಿಕೊಂಡರೆ ಅವರ ಗಾಡಿ ಬಂದು ಕಸ ಒಯ್ಯುತ್ತದೆ. ಚೀಲಗಳಿಗೆ ಬಾರ್‌ಕೋಡ್ ಅಂಟಿಸಬೇಕು. ಯಾವ ಚೀಲ ಯಾರದು, ದಾರಿಯಲ್ಲಿ ಎಲ್ಲಿಯಾದರೂ ಮಾಯವಾಯಿತೇ ಎಂಬುದು ಇದರಿಂದ ತಿಳಿಯುತ್ತದೆ. ಅಂಗಾಂಶ, ರಕ್ತದ ಬ್ಯಾಂಡೇಜು ಮುಂತಾದವನ್ನು 48 ಗಂಟೆಗಿಂತ ಹೆಚ್ಚು ಹೊತ್ತು ಇಟ್ಟುಕೊಳ್ಳುವಂತಿಲ್ಲ. ಪ್ರಯೋಗಾಲಯದವರು ರಕ್ತದ ಮಾದರಿಗಳನ್ನು ತಮ್ಮಲ್ಲೇ ಸೋಂಕುರಹಿತ ಮಾಡಿ ಆಮೇಲೆ ಗಾಡಿಗೆ ಕೊಡಬೇಕು. ಪ್ರತಿದಿನದ ಲೆಕ್ಕ ಪುಸ್ತಕದಲ್ಲಿರಬೇಕು, ವರ್ಷದ ವರದಿ ಮರುವರ್ಷದ ಜೂನ್ 30ರೊಳಗೆ ಮಂಡಳಿಗೆ ಹೋಗಬೇಕು. ತಪ್ಪಿದವರಿಗೆ ಪರಿಸರ ಸಂರಕ್ಷಣಾ ಕಾಯ್ದೆಯ ಪ್ರಕಾರ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.

ಕಾಗದ ಪತ್ರಗಳೆಲ್ಲ ಸರಿಯಾಗಿದ್ದು, ಕೆಲಸದವರಿಗೆ ಲಸಿಕೆ ಹಾಕಿಸದ ಕಡೆಗಳೂ ಉಂಟು. ನನ್ನ ದೃಷ್ಟಿಯಲ್ಲಿ ಇದು ಎಲ್ಲಕ್ಕಿಂತ ದೊಡ್ಡ ಲೋಪ. ಕಸ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್-ಬಿ ಮತ್ತು ಧನುರ್ವಾಯು ಲಸಿಕೆ ಕೊಡಿಸುವುದು, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸುವುದು ನಿಯಮದಲ್ಲೇ ಇದೆ. ಹೆಪಟೈಟಿಸ್-ಬಿ ಲಸಿಕೆ ಮೂರು ಸಲ: ಮೊದಲನೆಯದು ಇಂದು, ಎರಡನೆಯದು ತಿಂಗಳ ನಂತರ, ಮೂರನೆಯದು ಮೊದಲಿನದರಿಂದ ಆರು ತಿಂಗಳಿಗೆ.

ಸೂಜಿ ಚುಚ್ಚಿಯೇ ಬಿಟ್ಟರೆ?

ಗಾಬರಿ ಬೇಡ, ಉದಾಸೀನವೂ ಬೇಡ. ಚುಚ್ಚಿದ ಜಾಗವನ್ನು ಹರಿಯುವ ನೀರು, ಸೋಪಿನಿಂದ ತೊಳೆಯಿರಿ. ಹಿಂಡಬೇಡಿ, ಬಾಯಿಂದ ಚೀಪಬೇಡಿ, ಬ್ಲೀಚಿಂಗ್ ನೀರು ಸುರಿಯಬೇಡಿ. ಕೂಡಲೇ ಮೇಲಿನವರಿಗೆ ತಿಳಿಸಿ ಪುಸ್ತಕದಲ್ಲಿ ಬರೆಸಿ. ಬೈಯುತ್ತಾರೆಂದು ಮುಚ್ಚಿಡುವವರೇ ಹೆಚ್ಚು. ಇದು ಪ್ರಾಣಕ್ಕೆ ಕುತ್ತು. ಎಚ್‌ಐವಿ ತಡೆಯುವ ಮಾತ್ರೆಗಳನ್ನು ಆದಷ್ಟು ಬೇಗ, ಎಷ್ಟೇ ತಡವಾದರೂ 72 ಗಂಟೆಯೊಳಗೆ ಶುರುಮಾಡಿ 28 ದಿನ ತೆಗೆದುಕೊಳ್ಳಬೇಕಾಗುತ್ತದೆ. ಅವು ಬೇಕೇ ಬೇಡವೇ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಲಸಿಕೆ ಆಗದವರಿಗೆ ಹೆಪಟೈಟಿಸ್-ಬಿ ವಿರುದ್ಧದ ಇಮ್ಯುನೋಗ್ಲಾಬ್ಯುಲಿನ್ ಚುಚ್ಚುಮದ್ದನ್ನು 24 ಗಂಟೆಯೊಳಗೆ ಕೊಟ್ಟರೆ ಒಳ್ಳೆಯದು. ಹೆಪಟೈಟಿಸ್-ಸಿಗೆ ಲಸಿಕೆಯಿಲ್ಲ, ಆದರೆ ಬೇಗ ಗೊತ್ತಾದರೆ ಗುಣಪಡಿಸುವ ಮಾತ್ರೆಗಳು ಈಗ ಇವೆ.

ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಿ ಕೈ ಚುಚ್ಚಿಕೊಳ್ಳುವವರು ಬಹಳ. ಸೂಜಿಗೆ ಮುಚ್ಚಳ ಹಾಕಲೇಬಾರದು. ಕತ್ತರಿಸುವ ಯಂತ್ರಕ್ಕೋ ಬಿಳಿ ಡಬ್ಬಿಗೋ ನೇರವಾಗಿ ಹಾಕಬೇಕು.

ಮನೆಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವ ಸಕ್ಕರೆ ಕಾಯಿಲೆಯವರು ಈಗ ಬೀದಿ ಬೀದಿಯಲ್ಲಿದ್ದಾರೆ. ಅವರ ಸೂಜಿಗಳು ಬಹುಪಾಲು ಅಡಿಗೆಮನೆಯ ಕಸದ ಜೊತೆ ಹೋಗುತ್ತವೆ. ಖಾಲಿಯಾದ ದಪ್ಪ ಪ್ಲಾಸ್ಟಿಕ್ ಡಬ್ಬಿಯೊಂದನ್ನು, ತಿರುಪಿನ ಮುಚ್ಚಳ ಇರುವಂಥದ್ದನ್ನು, ಇದಕ್ಕೆಂದೇ ಎತ್ತಿಡಿ. ಮಕ್ಕಳ ಕೈಗೆ ಸಿಗದಿರಲಿ. ಮುಕ್ಕಾಲು ತುಂಬಿದೊಡನೆ ಮುಚ್ಚಳ ಬಿಗಿದು, ಟೇಪು ಸುತ್ತಿ, ಮೇಲೆ ‘ಸೂಜಿಗಳಿವೆ’ ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ನೀವು ತೋರಿಸಿಕೊಳ್ಳುವ ಆಸ್ಪತ್ರೆಯಲ್ಲೋ ರಕ್ತ ಪರೀಕ್ಷೆ ಮಾಡಿಸುವ ಪ್ರಯೋಗಾಲಯದಲ್ಲೋ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ ನೋಡಿ. ಇಲ್ಲವೆಂದರೆ ಕಸದ ಗಾಡಿಯವರಿಗೆ ಅದನ್ನು ಬೇರೆಯಾಗಿಯೇ ಕೈಗೆ ಕೊಟ್ಟು, ಒಳಗೆ ಏನಿದೆ ಎಂದು ಬಾಯಿಬಿಟ್ಟು ಹೇಳಿ.