‘ೞ’ ಅಕ್ಷರಕ್ಕೆ ‘ಫಾ’ ಎಂಬ ಹೆಸರು ಬಂದದ್ದು ಹೇಗೆ?



ನಾಲ್ಕು ಜನ ಕನ್ನಡಿಗರು ಸೇರಿದ ಕಡೆ ಭಾಷೆಯ ಬಗ್ಗೆ ಮಾತು ಬಂದೇ ಬರುತ್ತದೆ. “ಈ ಮಹಾಪ್ರಾಣಗಳೆಲ್ಲ ನಮಗೆ ಬೇಕೇ?” ಎಂದು ಒಬ್ಬರು, “ತುಳುವಿಗೆ ಅದರದೇ ಲಿಪಿ ಇದೆ, ಗೊತ್ತಾ?” ಎಂದು ಇನ್ನೊಬ್ಬರು. ಸಾಲ್ಮಿಯಾದ ಫ್ಲಾಟ್ ಆಗಲಿ, ಮಂಗಾಫ್‌ನದಾಗಲಿ, ಚರ್ಚೆ ಪಾಯಸದ ಬಟ್ಟಲು ಖಾಲಿಯಾಗುವವರೆಗೂ ನಡೆಯುತ್ತದೆ. ಮರುದಿನ ಯಾರು ಏನು ಹೇಳಿದರೆಂದು ಯಾರಿಗೂ ನೆನಪಿರುವುದಿಲ್ಲ. ಅದರಿಂದ ನಷ್ಟವೇನೂ ಇಲ್ಲ ಬಿಡಿ. ಮಾತಾಡಿದ ಖುಷಿಯೇ ಅಲ್ಲಿ ಲಾಭ.

ಆದರೆ ಇಂಥದೇ ಚರ್ಚೆಯ ಕೊನೆಗೆ ಒಂದು ತೀರ್ಮಾನ ಆಗಬೇಕು, ಆ ತೀರ್ಮಾನ ಪ್ರಪಂಚದ ಎಲ್ಲ ಕಂಪ್ಯೂಟರು, ಮೊಬೈಲುಗಳಿಗೂ ಹೋಗಬೇಕು ಎಂದುಕೊಳ್ಳಿ. ಆಗ ಮಾತು ಯಾರ ಮುಂದೆ ನಡೆಯಿತು, ಯಾವ ಆಧಾರದ ಮೇಲೆ ನಡೆಯಿತು, ಯಾರಾದರೂ ಅದನ್ನು ಬರೆದಿಟ್ಟರೇ ಎನ್ನುವುದೆಲ್ಲ ಬಹಳ ಮುಖ್ಯವಾಗುತ್ತದೆ. ಇದಕ್ಕೆ ನಮ್ಮ ಕನ್ನಡದ್ದೇ ಒಂದು ಸೊಗಸಾದ ಉದಾಹರಣೆ ಇದೆ. ಸ್ವಲ್ಪ ಬೇಸರದ ಉದಾಹರಣೆಯೂ ಹೌದು.

ಕೇಶಿರಾಜನ ಕಾಲದ ಅಕ್ಷರ

ಹಳೆಗನ್ನಡದಲ್ಲಿ ‘ೞ’ ಎಂಬ ಅಕ್ಷರವಿತ್ತು. ನಾವು ಈಗ ಮಳೆ, ಬಾಳೆ, ಏಳು ಎನ್ನುವುದನ್ನು ಆಗ ಮೞೆ, ಬಾೞೆ, ಏೞು ಎಂದು ಬರೆಯುತ್ತಿದ್ದರು. ಇದರ ಉಚ್ಚಾರಣೆ ಹೇಗೆ ಎಂದು ತಿಳಿಯಲು ಕುವೈತಿನಲ್ಲಿರುವ ನಾವು ದೂರ ಹೋಗಬೇಕಿಲ್ಲ. ಪಕ್ಕದ ಮಲಯಾಳಿ ಮಿತ್ರರನ್ನು ಮಳೆಗೆ ನಿಮ್ಮಲ್ಲಿ ಏನೆನ್ನುತ್ತೀರಿ ಎಂದು ಕೇಳಿ. ಅವರು ‘ಮೞ’ ಎಂದಾಗ ನಾಲಿಗೆ ಎಲ್ಲಿ ಮಡಚುತ್ತದೋ ಅದೇ ನಮ್ಮ ಅಕ್ಷರ. ತಮಿಳರಲ್ಲೂ ಅದು ಇಂದಿಗೂ ಜೀವಂತ.

ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ ವ್ಯಾಕರಣದಲ್ಲಿ ಇದನ್ನು ‘ರಳ’ ಎಂದು ಕರೆದು, ಬೇರೆ ಬಗೆಯ ಳಕಾರಗಳಿಂದ ಬೇರ್ಪಡಿಸಿ ತೋರಿಸಿದ್ದಾನೆ. ಅಂದರೆ ಹೆಸರು, ಪ್ರಯೋಗ, ಉದಾಹರಣೆ ಎಲ್ಲವೂ ನಮ್ಮಲ್ಲಿ ಏಳುನೂರು ವರ್ಷಗಳ ಹಿಂದೆಯೇ ದಾಖಲಾಗಿತ್ತು.

ಈಗ ಕಂಪ್ಯೂಟರಿಗೆ ಬನ್ನಿ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಇದೇ ಅಕ್ಷರದ ಅಧಿಕೃತ ಹೆಸರು ಏನು ಗೊತ್ತೇ? ‘ಕನ್ನಡ ಲೆಟರ್ ಫಾ’! ಫೋನು, ಫ್ಯಾನು ಎನ್ನುವಾಗಿನ ಇಂಗ್ಲಿಷ್ ಎಫ್ ಧ್ವನಿಯ ಫಾ.

ಎಡವಟ್ಟು ಆದದ್ದೆಲ್ಲಿ?

ಯೂನಿಕೋಡಿನ ಮೊದಲ ಆವೃತ್ತಿ 1991ರಲ್ಲಿ ಬಂತು. ಭಾರತದ ಲಿಪಿಗಳ ಮಟ್ಟಿಗೆ ಅದು ನಮ್ಮ ದೇಶದಲ್ಲೇ ಸಿದ್ಧವಾಗಿದ್ದ ಇಸ್ಕಿ ಎಂಬ ಸಂಕೇತ ವ್ಯವಸ್ಥೆಯ 1988ರ ರೂಪವನ್ನು ಆಧಾರವಾಗಿಟ್ಟುಕೊಂಡಿತು. ದೇವನಾಗರಿ, ಕನ್ನಡ, ತೆಲುಗು, ತಮಿಳು, ಮಲಯಾಳಂ ಎಲ್ಲಕ್ಕೂ 128 ಮನೆಗಳ ಒಂದೊಂದು ಪಟ್ಟಿ. ದೇವನಾಗರಿಯ ‘ಕ’ ಎಷ್ಟನೆಯ ಮನೆಯಲ್ಲಿದೆಯೋ ಕನ್ನಡದ ‘ಕ’ ಕೂಡ ಅಷ್ಟನೆಯ ಮನೆಯಲ್ಲೇ. ಒಂದು ಲಿಪಿಯಿಂದ ಇನ್ನೊಂದಕ್ಕೆ ಬದಲಾಯಿಸಲು ಬಹಳ ಅನುಕೂಲ. ಒಂದೇ ನಕ್ಷೆಯಲ್ಲಿ ಕಟ್ಟಿದ ಸಾಲುಮನೆಗಳ ಹಾಗೆ ಅಂದುಕೊಳ್ಳಿ.

ಆದರೆ ‘ೞ’ ಹೋಗಿ ಕೂತದ್ದು ಬೇರೆ ಮನೆಯಲ್ಲಿ. ದೇವನಾಗರಿಯ ಪಟ್ಟಿಯಲ್ಲಿ ಆ ಮನೆಯಲ್ಲಿರುವುದು ಕೆಳಗೆ ಚುಕ್ಕೆ ಇಟ್ಟ ‘ಫ಼’. ಕನ್ನಡದ ಪಟ್ಟಿಯಲ್ಲಿ ಚಿತ್ರ ನಮ್ಮ ೞಕಾರದ್ದು, ಬಾಗಿಲ ಮೇಲಿನ ಹೆಸರಿನ ಫಲಕ ಮಾತ್ರ ದೇವನಾಗರಿ ಮನೆಯದ್ದು! ತಮಿಳು, ಮಲಯಾಳಂ ಪಟ್ಟಿಗಳಲ್ಲಿ ಈ ಅಕ್ಷರ ಇರುವ ಸರಿಯಾದ ಮನೆ ಕನ್ನಡದ ಪಟ್ಟಿಯಲ್ಲಿ ಇಂದಿಗೂ ಖಾಲಿ ಇದೆ.

ಕನ್ನಡ ಎಂ.ಎ. ಓದಿದ ಯಾರಿಗೆ ಆ ಪುಟ ತೋರಿಸಿದ್ದರೂ “ಇದು ಫಾ ಅಲ್ಲ, ರಳ” ಎಂದು ಅರೆ ನಿಮಿಷದಲ್ಲಿ ಹೇಳುತ್ತಿದ್ದರು. ಬಲ್ಲವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದರು. ಅವರ ಮಾತು ಸರಿಯಾದ ಮೇಜಿಗೆ ಸರಿಯಾದ ಹೊತ್ತಿಗೆ ತಲುಪಲಿಲ್ಲ, ಅಷ್ಟೇ.

ಹಾಗಾದರೆ ಈಗ ತಿದ್ದಬಹುದಲ್ಲ?

ಇಲ್ಲ. 1996ರ ಎರಡನೆಯ ಆವೃತ್ತಿಯಿಂದ ಯೂನಿಕೋಡಿನ ನಿಯಮ ಹೀಗಿದೆ: ಒಮ್ಮೆ ಕೊಟ್ಟ ಹೆಸರನ್ನು ಎಂದೂ ಬದಲಿಸುವಂತಿಲ್ಲ. ಹಟ ಎನಿಸಬಹುದು, ಆದರೆ ಕಾರಣವಿದೆ. ಎಷ್ಟೋ ಪ್ರೋಗ್ರಾಮುಗಳು ಆ ಹೆಸರನ್ನು ಹಿಡಿದು ಅಕ್ಷರವನ್ನು ಹುಡುಕುತ್ತವೆ. ಹೆಸರು ಬದಲಾದರೆ ಅವೆಲ್ಲ ಕೆಡುತ್ತವೆ. ಹಾಗಾಗಿ ಅವರು ಮಾಡಿದ್ದು ಇಷ್ಟು: ಪಟ್ಟಿಯಲ್ಲೇ “ಈ ಹೆಸರು ತಪ್ಪು” ಎಂದು ಟಿಪ್ಪಣಿ ಬರೆದು, ಸರಿಯಾದ ಪರ್ಯಾಯ ಹೆಸರನ್ನೂ ಅಧಿಕೃತವಾಗಿ ಸೇರಿಸಿದರು. ಪಾಸ್‌ಪೋರ್ಟಿನಲ್ಲಿ ಹಳೆಯ ಹೆಸರನ್ನು ಅಳಿಸದೆ ಕೊನೆಯ ಪುಟದಲ್ಲಿ ಷರಾ ಬರೆದ ಹಾಗೆ. ತಪ್ಪು ಶಾಶ್ವತ, ಅದು ತಪ್ಪು ಎಂಬ ಒಪ್ಪಿಗೆಯೂ ಶಾಶ್ವತ!

ಕಟ್ಟೆ ಮತ್ತು ಕಟ್ಟಳೆ

ಇಂದು ಹೊಸ ಅಕ್ಷರ ಸೇರಬೇಕಾದರೆ ಕ್ರಮವೊಂದಿದೆ. ಪ್ರಸ್ತಾಪವನ್ನು ಯಾರು ಬೇಕಾದರೂ ಸಲ್ಲಿಸಬಹುದು. ಪ್ರೊಫೆಸರ್ ಆಗಿರಬೇಕೆಂದಿಲ್ಲ, ಸರ್ಕಾರದ ಮೊಹರೂ ಬೇಕಿಲ್ಲ. ಆದರೆ “ನಮ್ಮ ಕಡೆ ಹೀಗೆ ಬರೆಯುತ್ತಾರೆ” ಎಂಬ ಬರೀ ಮಾತು ನಡೆಯುವುದಿಲ್ಲ. ಯಾವ ಪುಸ್ತಕ, ಯಾವ ಹಸ್ತಪ್ರತಿ, ಯಾವ ಶಾಸನ ಎಂದು ಚಿತ್ರ ಸಮೇತ ತೋರಿಸಬೇಕು. ಈಗಿರುವ ಅಕ್ಷರಗಳಿಂದಲೇ ಕೆಲಸ ಆಗುವುದಿಲ್ಲವೇ ಎಂಬ ಪ್ರಶ್ನೆಗೆ ಉತ್ತರಿಸಬೇಕು. ಪ್ರತಿ ಪ್ರಸ್ತಾಪಕ್ಕೂ ಒಂದು ನಂಬರು ಬೀಳುತ್ತದೆ, ಅದು ಎಲ್ಲರೂ ಓದುವಂತೆ ಪ್ರಕಟವಾಗುತ್ತದೆ. ಲಿಪಿ ಬಲ್ಲವರ ಒಂದು ತಂಡ ಅದನ್ನು ಓದಿ, ಕೊರತೆ ಕಂಡರೆ ವಾಪಸ್ ಕಳಿಸುತ್ತದೆ. ವಿರೋಧ ಇದ್ದವರು ಬರೆದದ್ದೂ ದಾಖಲಾಗುತ್ತದೆ. ಕೊನೆಗೆ ತಾಂತ್ರಿಕ ಸಮಿತಿ ತೀರ್ಮಾನಿಸುತ್ತದೆ.

ಇದನ್ನು ಕಂಡು “ವಿದ್ವಾಂಸರ ಮಾತಿಗೂ ಕಾವಲುಗಾರರೇ?” ಎಂದು ಕೆಲವರು ಸಿಟ್ಟಾಗುತ್ತಾರೆ. ನನಗೆ ಅನಿಸುವುದು ಬೇರೆ. ಒಳ್ಳೆಯ ನಿರ್ವಾಹಕರು ಬಾಯಿ ಮುಚ್ಚಿಸುವವರಲ್ಲ. ಅವರು ಮಾಡುವ ಕೆಲಸ ಮೂರು: ಆಧಾರ ಕೇಳುವುದು, ಭಿನ್ನಮತವನ್ನು ಕಳೆಯದೆ ಬರೆದಿಡುವುದು, ಬಾಗಿಲನ್ನು ಎಲ್ಲರಿಗೂ ತೆರೆದಿಡುವುದು. ಈ ಮೂರರಲ್ಲಿ ಒಂದು ತಪ್ಪಿದರೂ ದೊಡ್ಡ ಗಂಟಲಿನವರದೇ ಗೆಲುವು.

ಕೊಂಕಣಿ, ತುಳು ಮನೆಗಳಿಗೂ ಸಂಬಂಧಿಸಿದ್ದು

ಈ ಕ್ರಮದಿಂದ ನಮಗೇನು ಸಿಕ್ಕಿತು ಎಂದು ಕೇಳಿದರೆ ಪಟ್ಟಿ ಚಿಕ್ಕದಲ್ಲ. 2003ರಲ್ಲಿ ಕನ್ನಡಕ್ಕೆ ಚುಕ್ಕೆ ಬಂತು, ಅಂದರೆ ‘ಫ಼’ ಬರೆಯಲು ಸರಿಯಾದ ದಾರಿ ಸಿಕ್ಕಿತು. 2021ರಲ್ಲಿ ಹಳೆಯ ಬರವಣಿಗೆಯ ‘ನಕಾರ ಪೊಲ್ಲು’, ಅಂದರೆ ಸ್ವರವಿಲ್ಲದ ನಕಾರದ ವಿಶೇಷ ರೂಪ, ಸೇರಿತು. ಕನ್ನಡ ಲಿಪಿಯಲ್ಲಿ ಕೊಂಕಣಿ ಬರೆಯುವವರಿಗೆ ಮೂಗಿನ ಧ್ವನಿ ತೋರಿಸಲು ಬೇಕಾಗಿದ್ದ, ಅಕ್ಷರದ ಮೇಲೆ ಬಲಕ್ಕೆ ಬರುವ ಸೊನ್ನೆ 2022ರಲ್ಲಿ ಸೇರಿತು.

ಎಲ್ಲಕ್ಕಿಂತ ದೊಡ್ಡದು 2024ರ ಸೆಪ್ಟೆಂಬರ್‌ನಲ್ಲಿ ಬಂದ 16ನೆಯ ಆವೃತ್ತಿ. ಕರಾವಳಿ ಮತ್ತು ಮಲೆನಾಡಿನ ತಾಳೆಗರಿಗಳಲ್ಲಿ ಸಂಸ್ಕೃತ ಬರೆಯಲು ಬಳಸಿದ, ‘ಶ್ರೀ ಭಾಗವತೊ’ದಂತಹ ತುಳು ಕಾವ್ಯಗಳನ್ನೂ ನಮಗೆ ಉಳಿಸಿಕೊಟ್ಟ ಲಿಪಿ ಅದರಲ್ಲಿ ಸೇರಿತು. ಇದನ್ನು ಕೆಲವರು ತಿಗಳಾರಿ ಎನ್ನುತ್ತಾರೆ, ಕೆಲವರು ತುಳು ಲಿಪಿ ಎನ್ನುತ್ತಾರೆ. ಯಾವ ಹೆಸರು ಸರಿ ಎಂದು ನಮ್ಮ ಯಾವುದೇ ಕೂಟದಲ್ಲಿ ಕೇಳಿ ನೋಡಿ, ರಾತ್ರಿ ಹನ್ನೆರಡಾದರೂ ಮುಗಿಯುವುದಿಲ್ಲ! ಯೂನಿಕೋಡಿಗೆ ಹೋದ ಪ್ರಸ್ತಾಪಗಳಲ್ಲೂ ಈ ಎರಡು ಹೆಸರುಗಳು ಇದ್ದವು. ಕೊನೆಗೆ ಒಪ್ಪಿತವಾದ ಹೆಸರು ‘ತುಳು-ತಿಗಳಾರಿ’. ಹೆಸರಿನ ನಡುವಿನ ಆ ಪುಟ್ಟ ಅಡ್ಡಗೆರೆ ಒಂದು ದೊಡ್ಡ ಜಗಳವನ್ನು ತಪ್ಪಿಸಿದೆ. ಮುಖ್ಯವಾಗಿ, ಈ ಬಾರಿ ಹೆಸರಿನ ವಿಚಾರ ಪಟ್ಟಿ ಅಚ್ಚಾಗುವ ಮೊದಲೇ ಇತ್ಯರ್ಥವಾಯಿತು. ‘ಫಾ’ ಪ್ರಸಂಗಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದೇ.

ಈ ವ್ಯವಸ್ಥೆಯಲ್ಲಿ ಕೊರತೆ ಇಲ್ಲವೆಂದಲ್ಲ. ಕೆಲಸ ನಿಧಾನ, ಒಂದು ಲಿಪಿಗೆ ವರ್ಷಗಟ್ಟಲೆ ಹಿಡಿಯುತ್ತದೆ. ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ. ಹಳ್ಳಿಯ ಮನೆಯಲ್ಲಿ ತಾಳೆಗರಿ ಓದಬಲ್ಲ ಹಿರಿಯರು ತಾವೇ ಅಲ್ಲಿಗೆ ಬರೆಯುವುದು ಕಷ್ಟ. ಇಲ್ಲಿಯೇ ನಮ್ಮಂಥವರ ಪಾತ್ರ ಬರುವುದು.

ನಾವೇನು ಮಾಡಬಹುದು?

ಅಕ್ಷರ ಇಲ್ಲದಿದ್ದರೆ ಏನಾಗುತ್ತದೆ ಎಂದು ಕುವೈತಿನ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅರಬ್ಬಿಯಲ್ಲಿ ‘ಪ’ ಇಲ್ಲ. ಆದ್ದರಿಂದ ಅರಬ್ಬಿ ಅಕ್ಷರದಲ್ಲಿ ಬರೆದಾಗ ನಮ್ಮ ಪದ್ಮ ‘ಬದ್ಮ’ ಆಗುತ್ತಾಳೆ. ನಕ್ಕು ಸುಮ್ಮನಾಗುತ್ತೇವೆ. ಆದರೆ ನಮ್ಮದೇ ಲಿಪಿಯಲ್ಲಿ ನಮ್ಮದೇ ಅಕ್ಷರ ಹೀಗಾದರೆ ನಗಲಾದೀತೇ?

ಮುಂದಿನ ಬಾರಿ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಅಟ್ಟದ ಮೇಲಿನ ಪೆಟ್ಟಿಗೆ ತೆರೆಯಿರಿ. ಅಜ್ಜನ ಪಂಚಾಂಗ, ಅಜ್ಜಿಯ ಹಾಡಿನ ಪುಸ್ತಕ, ಮಂಗಳೂರಿನಲ್ಲಿ 1841ರಲ್ಲಿ ಶುರುವಾದ ಬಾಸೆಲ್ ಮಿಶನ್ ಮುದ್ರಣಾಲಯದ ಯಾವುದಾದರೂ ಹಳೆಯ ಪುಸ್ತಕ, ಪ್ರಾರ್ಥನೆಯ ಕೊಂಕಣಿ ಪುಸ್ತಕ, ಏನೇ ಇರಲಿ. ಈಗ ಕಾಣದ ಅಕ್ಷರವೋ ಚಿಹ್ನೆಯೋ ಕಣ್ಣಿಗೆ ಬಿದ್ದರೆ ಆ ಪುಟದ ಒಂದು ಸ್ಪಷ್ಟ ಫೋಟೋ ತೆಗೆಯಿರಿ. ಜೊತೆಗೆ ಪುಸ್ತಕದ ಹೆಸರು, ಅಚ್ಚಾದ ವರ್ಷ, ಪುಟ ಸಂಖ್ಯೆ ಬರೆದಿಡಿ. ಹಿರಿಯರು ಅದನ್ನು ಹೇಗೆ ಓದುತ್ತಾರೆಂದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವರಿಗೆ ಇದು ನಿಧಿ ಹುಡುಕುವ ಆಟದಷ್ಟೇ ಮಜಾ ಕೊಡುತ್ತದೆ.

“ನಮ್ಮ ಕಡೆ ಹೀಗಂತೆ” ಎಂಬ ಮಾತಿಗೂ “ಇಗೋ ಈ ಪುಟದಲ್ಲಿ ಹೀಗಿದೆ” ಎಂಬ ಮಾತಿಗೂ ಇರುವ ದೂರ ಒಂದು ಫೋಟೋದಷ್ಟು. ಆದರೆ ತೀರ್ಮಾನ ಮಾಡುವ ಮೇಜಿಗೆ ಹೋಗಲು ಟಿಕೆಟ್ ಸಿಗುವುದು ಎರಡನೆಯದಕ್ಕೇ. ಏನಂತೀರಿ?