ನಾರಿನ ಚಾಪೆಯಿಂದ ಲಾರ್ಡ್ಸ್ ಹುಲ್ಲಿಗೆ

ಒಂದು ದೇಶದ ಆಯ್ದ ಆಟಗಾರರು ಕಡಲು ದಾಟಿ ಹೋಗಿ, ಅಲ್ಲಿನ ಪ್ರಾಂತೀಯ ತಂಡಗಳೊಡನೆ ತಿಂಗಳುಗಟ್ಟಲೆ ಆಡಿ, ನಡುವೆ ಆ ದೇಶದ ರಾಷ್ಟ್ರೀಯ ತಂಡವನ್ನೂ ಎದುರಿಸಿ ಮರಳುವ ಪದ್ಧತಿಯನ್ನು ಕ್ರಿಕೆಟ್ಟಿನಲ್ಲಿ ಪ್ರವಾಸವೆಂದು ಕರೆಯಲಾಗುತ್ತದೆ. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಭಾರತವು ಟೆಸ್ಟ್ ಆಡಲೆಂದು ಕಡಲಾಚೆಗೆ ಹೋದದ್ದು ಎರಡೇ ಬಾರಿ, 1932 ಮತ್ತು 1936ರಲ್ಲಿ. ಎರಡು ಸಲವೂ ಇಂಗ್ಲೆಂಡಿಗೆ. ಮೊದಲ ಪ್ರವಾಸದ ತಂಡದಲ್ಲಿ ಮೈಸೂರು ಸಂಸ್ಥಾನದ ಆಟಗಾರರಾರೂ ಇರಲಿಲ್ಲ. ಆದರೂ ಆ ಸಂಸ್ಥಾನದ ಪೂರ್ವದ ಅಂಚಿನಲ್ಲಿದ್ದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಂತಹ ಊರುಗಳಿಂದ ಇಂದು ಆಟಗಾರನೊಬ್ಬ ರಾಷ್ಟ್ರೀಯ ತಂಡದ ಕನಸು ಕಾಣಲು ಇರುವ ಹಾದಿಯನ್ನು ಅರಿಯಬೇಕಾದರೆ, ಆ ಹಾದಿಯೇ ಇಲ್ಲದಿದ್ದ ಕಾಲದ ಈ ಪ್ರವಾಸದಿಂದಲೇ ಆರಂಭಿಸಬೇಕಾಗುತ್ತದೆ.

ಟೆಸ್ಟ್ ಎಂದರೆ ಮಾನ್ಯತೆ ಪಡೆದ ರಾಷ್ಟ್ರೀಯ ತಂಡಗಳ ನಡುವೆ, ಪ್ರತಿ ತಂಡಕ್ಕೂ ಎರಡು ಇನಿಂಗ್ಸ್‌ನಂತೆ ಹಲವು ದಿನ ನಡೆಯುವ ಪಂದ್ಯ. ಇಂತಹ ಪಂದ್ಯಕ್ಕೆ ದೇಶದ ಹೆಸರಿನಲ್ಲಿ ತಂಡ ಕಳುಹಿಸುವ ಅಧಿಕಾರವುಳ್ಳ ಕ್ರಿಕೆಟ್ ಮಂಡಳಿ ಭಾರತದಲ್ಲಿ ರೂಪುಗೊಂಡದ್ದು 1928ರ ಡಿಸೆಂಬರಿನಲ್ಲಿ. ಮಂಡಳಿ ಹೊಸದಾಗಿದ್ದು ಆಟದ ಪೋಷಣೆಯೆಲ್ಲ ದೇಶೀಯ ರಾಜರ ಕೈಯಲ್ಲಿದ್ದುದರಿಂದ, 1932ರ ತಂಡದ ನಾಯಕತ್ವವು ಪೋರಬಂದರಿನ ಮಹಾರಾಜರಿಗೆ ಸಂದಿತು. ಅದೇ ವರ್ಷದ ಆರಂಭದಲ್ಲಿ ಗಾಂಧೀಜಿ ಮತ್ತಿತರ ನಾಯಕರ ಬಂಧನವಾಗಿತ್ತು. ಅದನ್ನು ಪ್ರತಿಭಟಿಸಿ ಮುಂಬಯಿಯ ಹಿಂದೂ ಜಿಮ್ಖಾನಾ ತನ್ನ ಆಟಗಾರರನ್ನು ಕಳುಹಿಸಲು ಒಪ್ಪದ ಕಾರಣ ವಿಜಯ್ ಮರ್ಚೆಂಟ್ ಅವರಂತಹ ಪ್ರತಿಭಾವಂತರು ಊರಲ್ಲೇ ಉಳಿದರು.

ಹೊರಟವರಿಗೆ ಎದುರಾಳಿಗಳಿಗಿಂತ ಮೊದಲು ಎದುರಾದದ್ದು ನೆಲ. ಇಂಗ್ಲೆಂಡಿನಲ್ಲಿ ಪಂದ್ಯ ನಡೆಯುವುದು ಟರ್ಫ್ ಪಿಚ್ಚಿನ ಮೇಲೆ, ಅಂದರೆ ಹುಲ್ಲು ಬೆಳೆಸಿ, ಕತ್ತರಿಸಿ, ರೋಲರ್ ಎಳೆದು ಹದಗೊಳಿಸಿದ ನೆಲದ ಮೇಲೆ. ಆ ಕಾಲದ ಭಾರತದಲ್ಲಿ ಕೆಲವು ನಗರಗಳನ್ನು ಬಿಟ್ಟರೆ ಬಹುಪಾಲು ಆಟ ಮ್ಯಾಟಿಂಗ್ ಮೇಲೆ ನಡೆಯುತ್ತಿತ್ತು. ಗಟ್ಟಿಸಿದ ಮಣ್ಣಿನ ಮೇಲೆ ತೆಂಗಿನ ನಾರಿನ ಉದ್ದನೆಯ ಚಾಪೆಯನ್ನು ಹಾಸಿ, ಅಂಚುಗಳನ್ನು ಬಿಗಿಯಾಗಿ ಎಳೆದು, ಮೊಳೆ ಬಡಿದು ನಿಲ್ಲಿಸಿದರೆ ಪಿಚ್ ಸಿದ್ಧ. ಮಳೆಯನ್ನೂ ಕೆರೆಯನ್ನೂ ನಂಬಿ ಬದುಕುವ ಕೋಲಾರದಂತಹ ಬಯಲು ಸೀಮೆಯಲ್ಲಿ ಹುಲ್ಲಿಗೆ ನೀರುಣಿಸುವ ಮಾತೇ ಇಲ್ಲದಿರುವಾಗ ಈ ಚಾಪೆ ಆಟಕ್ಕೆ ಒದಗಿದ ಸುಲಭ ಉಪಾಯವಾಗಿತ್ತು. ಚಾಪೆಯ ಮೇಲೆ ಬಿದ್ದ ಚೆಂಡು ಎತ್ತರಕ್ಕೆ, ಆದರೆ ಊಹಿಸಬಹುದಾದ ರೀತಿಯಲ್ಲಿ ಪುಟಿಯುತ್ತದೆ. ಮೇ ತಿಂಗಳ ತೇವದ ಹುಲ್ಲಿನಲ್ಲಿ ಅದೇ ಚೆಂಡು ಒಮ್ಮೆ ತಗ್ಗಿ, ಒಮ್ಮೆ ಜಾರಿ, ಒಮ್ಮೆ ಪಕ್ಕಕ್ಕೆ ಸರಿದು ಬರುವುದರಿಂದ, ಚಾಪೆಯ ಮೇಲೆ ಕಲಿತ ಬ್ಯಾಟ್ಸ್‌ಮನ್ ತನ್ನ ಕಾಲಿನ ಚಲನೆಯನ್ನೇ ಹೊಸದಾಗಿ ಕಲಿಯಬೇಕಾಗುತ್ತದೆ. ಪ್ರವಾಸದ ಆರಂಭದಲ್ಲಿ ಕೌಂಟಿಗಳೊಡನೆ, ಅಂದರೆ ಇಂಗ್ಲೆಂಡಿನ ಜಿಲ್ಲಾ ತಂಡಗಳೊಡನೆ, ಏರ್ಪಡುತ್ತಿದ್ದ ಪಂದ್ಯಗಳು ಈ ಕಲಿಕೆಯ ಶಾಲೆಯಾಗಿದ್ದವು.

ಪ್ರವಾಸದ ಏಕೈಕ ಟೆಸ್ಟ್ ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ಜೂನ್ 25ರ ಶನಿವಾರ ಆರಂಭವಾಗಿ, ಭಾನುವಾರದ ವಿರಾಮದ ಬಳಿಕ 27 ಮತ್ತು 28ರಂದು ಮುಂದುವರಿಯಿತು. ಪೋರಬಂದರಿನ ಮಹಾರಾಜರು ಹಿಂದೆ ಸರಿದುದರಿಂದ ತಂಡವನ್ನು ಸಿ.ಕೆ. ನಾಯ್ಡು ಮುನ್ನಡೆಸಿದರು. ನಾಗಪುರದಲ್ಲಿ ಹುಟ್ಟಿದ ನಾಯ್ಡು ಅವರ ಮನೆತನದ ಮಾತು, ಮುಳಬಾಗಿಲು ಮತ್ತು ಶ್ರೀನಿವಾಸಪುರದ ಬೀದಿಗಳಲ್ಲಿ ಕನ್ನಡದ ಜೊತೆಜೊತೆಗೇ ಕೇಳಿಬರುವ ತೆಲುಗು. ಆಟ ಆರಂಭವಾದ ಅರ್ಧ ಗಂಟೆಯೊಳಗೆ ವೇಗದ ಬೌಲರ್ ಮೊಹಮ್ಮದ್ ನಿಸ್ಸಾರ್, ಇಂಗ್ಲೆಂಡಿನ ಸಟ್‌ಕ್ಲಿಫ್ ಮತ್ತು ಹೋಮ್ಸ್ ಇಬ್ಬರ ವಿಕೆಟ್ಟನ್ನೂ ಉರುಳಿಸಿದರು. ಲಾಲ್ ಸಿಂಗ್ ಅವರ ಚುರುಕಿನ ಕ್ಷೇತ್ರರಕ್ಷಣೆಗೆ ವೂಲಿ ರನ್ ಔಟ್ ಆಗಿ, ಇಂಗ್ಲೆಂಡ್ 19 ರನ್ನಿಗೆ 3 ವಿಕೆಟ್ ಕಳೆದುಕೊಂಡಿತು. ನಾಯಕ ಜಾರ್ಡೀನ್ ಅವರ 79 ರನ್ನುಗಳ ಆಸರೆಯಿಂದ ಅದು 259ರವರೆಗೆ ಏರಿತಾದರೂ ನಿಸ್ಸಾರ್ 93 ರನ್ನಿಗೆ 5 ವಿಕೆಟ್ ಪಡೆದಿದ್ದರು. ಭಾರತ 189ಕ್ಕೆ ಮುಗಿಸಿತು. ಕೈಗೆ ಪೆಟ್ಟಾಗಿದ್ದರೂ ಆಡಿದ ನಾಯ್ಡು ಅವರ 40 ರನ್ನುಗಳೇ ಅದರಲ್ಲಿ ಅತಿ ಹೆಚ್ಚಿನವು. ಇಂಗ್ಲೆಂಡ್ 8 ವಿಕೆಟ್ಟಿಗೆ 275 ರನ್ ಗಳಿಸಿ ಡಿಕ್ಲೇರ್ ಮಾಡಿದ, ಅಂದರೆ ವಿಕೆಟ್ ಉಳಿದಿರುವಾಗಲೇ ಇನಿಂಗ್ಸ್ ಕೈಬಿಟ್ಟ ಮೇಲೆ, 346 ರನ್ನಿನ ಗುರಿ ಬೆನ್ನಟ್ಟಿದ ಭಾರತ 187ಕ್ಕೆ ಕುಸಿದು 158 ರನ್ನುಗಳಿಂದ ಸೋತಿತು. ಆ ಕುಸಿತದ ನಡುವೆ ಬೌಲರ್ ಅಮರ್ ಸಿಂಗ್ ಬಾರಿಸಿದ 51, ಟೆಸ್ಟಿನಲ್ಲಿ ಭಾರತೀಯರೊಬ್ಬರ ಮೊದಲ ಅರ್ಧಶತಕವಾಯಿತು.

ಸೋಲಿನ ಹೊರತಾಗಿಯೂ ಪ್ರವಾಸದ ಒಟ್ಟು ಲೆಕ್ಕ ಹಗುರವಾದುದಲ್ಲ. ಪ್ರಥಮ ದರ್ಜೆಯೆಂದು ಮಾನ್ಯವಾದ 26 ಪಂದ್ಯಗಳಲ್ಲಿ ತಂಡ ಒಂಬತ್ತನ್ನು ಗೆದ್ದು ಎಂಟನ್ನು ಸೋತಿತ್ತು. ಹಾಗಿರುವಾಗ ಕೊರತೆ ಪ್ರತಿಭೆಯದಾಗಿರಲಿಲ್ಲ; ಪ್ರತಿಭೆಯನ್ನು ದೇಶದ ಮೂಲೆಮೂಲೆಗಳಿಂದ ಹೆಕ್ಕಿ ತರುವ ಏಣಿಯದಾಗಿತ್ತು. ಮುಂಬಯಿಯ ಕೋಮುವಾರು ತಂಡಗಳಲ್ಲೋ ಮಹಾರಾಜರ ಆಶ್ರಯದಲ್ಲೋ ಇಲ್ಲದ ಆಟಗಾರ ಆಯ್ಕೆಗಾರರ ಕಣ್ಣಿಗೆ ಬೀಳುವ ವ್ಯವಸ್ಥೆಯೇ ಇರಲಿಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಬ್ರಿಟಿಷ್ ಅಧಿಕಾರಿಗಳು ತಮ್ಮ ಕ್ಲಬ್ಬುಗಳೊಡನೆ ಕ್ರಿಕೆಟ್ಟನ್ನೂ ತಂದಿದ್ದರು. ಗಣಿಯ ಚಿನ್ನಕ್ಕೆ ಲಂಡನ್ನಿನ ದಾರಿ ಗೊತ್ತಿತ್ತು, ಗಣಿಯೂರಿನ ಆಟಗಾರನಿಗೆ ಗೊತ್ತಿರಲಿಲ್ಲ.

ಆ ಏಣಿ ಬೇಗನೆ ಎದ್ದು ನಿಂತಿತು. 1933ರಲ್ಲಿ ಬೆಂಗಳೂರಿನಲ್ಲಿ ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ಸ್ಥಾಪನೆಯಾಯಿತು; ಮರುವರ್ಷ ಪ್ರಾಂತಗಳ ನಡುವಿನ ರಾಷ್ಟ್ರೀಯ ಪಂದ್ಯಾವಳಿ, ಅಂದರೆ ಇಂದಿನ ರಣಜಿ ಟ್ರೋಫಿ, ಶುರುವಾಯಿತು. ಅದರ ಮೊಟ್ಟಮೊದಲ ಪಂದ್ಯವನ್ನು 1934ರ ನವೆಂಬರ್ 4ರಂದು ಆಡಿದ್ದು ಮೈಸೂರು ಮತ್ತು ಮದ್ರಾಸ್ ತಂಡಗಳೇ. ಮಾಲೂರು, ಬಂಗಾರಪೇಟೆಗಳನ್ನು ಹಾಯ್ದು ಹೋಗುವ ರೈಲು ಹಳಿಯ ಆಚೆ ತುದಿಯ ಚೆಪಾಕ್ ಮೈದಾನದಲ್ಲಿ ಮೈಸೂರು 48 ಮತ್ತು 59 ರನ್ನಿಗೆ ಆಲೌಟ್ ಆಗಿ, ಮದ್ರಾಸಿನ 130ರ ಎದುರು ಒಂದೇ ದಿನದಲ್ಲಿ ಇನಿಂಗ್ಸ್ ಸೋಲುಂಡಿತು, ಎ.ಜಿ. ರಾಮ್ ಸಿಂಗ್ 35 ರನ್ನಿಗೆ 11 ವಿಕೆಟ್ ಕಿತ್ತಿದ್ದರು.

ಪ್ರವಾಸದ ಅನುಭವ ಮೈಸೂರಿಗೆ ಮನುಷ್ಯರೂಪದಲ್ಲೂ ಬಂದಿತು. 1932 ಮತ್ತು 1936ರ ಎರಡೂ ಪ್ರವಾಸಗಳಲ್ಲಿ ಲಾರ್ಡ್ಸ್ ಟೆಸ್ಟ್ ಆಡಿದ್ದ, ಮೊದಲನೆಯದರಲ್ಲಿ ಕಾಲಿನ ಗಾಯದೊಂದಿಗೇ ಕೊನೆಯವರಾಗಿ ಬ್ಯಾಟ್ ಹಿಡಿದು ನಿಂತಿದ್ದ ಫಿರೋಜ್ ಪಾಲಿಯಾ ಮುಂದೆ ರಣಜಿಯಲ್ಲಿ ಮೈಸೂರಿನ ಪರವಾಗಿಯೂ ಆಡಿ, 1981ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಇಂದು ಮಾಲೂರಿನ ಅಥವಾ ಶ್ರೀನಿವಾಸಪುರದ ಹುಡುಗನೊಬ್ಬ ರಾಜ್ಯದ ಕಿರಿಯರ ತಂಡಕ್ಕೆ ಆಯ್ಕೆಯಾದರೆ ಆಡುವ, ಇಪ್ಪತ್ಮೂರು ವರ್ಷದೊಳಗಿನವರ ರಾಷ್ಟ್ರೀಯ ಪಂದ್ಯಾವಳಿಗೆ ನಾಯ್ಡು ಅವರ ಹೆಸರಿದೆ.

ಲಾರ್ಡ್ಸ್ ಸೋಲಿನ 39 ವರ್ಷಗಳ ಬಳಿಕ, 1971ರ ಆಗಸ್ಟಿನಲ್ಲಿ, ಭಾರತ ಇಂಗ್ಲೆಂಡಿನ ನೆಲದಲ್ಲಿ ಮೊದಲ ಟೆಸ್ಟ್ ಗೆದ್ದಿತು. ಓವಲ್ ಮೈದಾನದಲ್ಲಿ ಬಿ.ಎಸ್. ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಪಡೆದು ಇಂಗ್ಲೆಂಡನ್ನು 101ಕ್ಕೆ ಕಟ್ಟಿಹಾಕಿದರು. ಗುರಿ ಬೆನ್ನಟ್ಟುವಾಗ ಜಿ.ಆರ್. ವಿಶ್ವನಾಥ್ 33 ರನ್ ಗಳಿಸಿದರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬರಲು ಇನ್ನೂ ಎರಡು ವರ್ಷ ಬಾಕಿಯಿದ್ದುದರಿಂದ, ಅವರಿಬ್ಬರೂ ರಣಜಿ ಆಡುತ್ತಿದ್ದ ತಂಡದ ಹೆಸರು, ಚೆಪಾಕಿನಲ್ಲಿ ಒಂದೇ ದಿನಕ್ಕೆ ಸೋತು ಬಂದ ಅದೇ ಮೈಸೂರು.